ಬಾಗಲಕೋಟೆಗೆ ಸಮುದ್ರವಿಲ್ಲ ಎಂದವರಿಗೆ

ನಮಸ್ಕಾರ. ಕಡಲು ಇಂಗಾಲವನ್ನು ಹೀರಿಕೊಳ್ಳುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ವಿವರಿಸಿದ್ದೆ. ಅದರ ಕೆಳಗೆ ಒಬ್ಬರು, "ಸರ್, ಬಾಗಲಕೋಟ್ಯಾಗ ಕುಂತು ಸಮುದ್ರದ ಮಾತ್ಯಾಕ? ಕಾರವಾರದವ್ರು ನೋಡ್ಕೋತಾರ ಬಿಡ್ರಿ" ಎಂದು ಬರೆದಿದ್ದಾರೆ. ಎರಡು ದಿನ ಕಳೆದರೂ ಆ ಮಾತು ನನ್ನ ತಲೆಯಿಂದ ಇಳಿದಿಲ್ಲ. ಆದ್ದರಿಂದ ಇಂದು ನಾನು ಹೇಳುವುದು ಒಂದೇ ಮಾತು: ಕಡಲ ದಂಡೆ ನಮ್ಮ ಹೊಲದ ಬದುವಿನಿಂದಲೇ ಶುರುವಾಗುತ್ತದೆ.

ನಮ್ಮ ಮನೆಯಲ್ಲಿ ಬೋರಿನ ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟುತ್ತದೆ. ಅವ್ವ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳಲ್ಲಿ ಇರುವುದು ಇಂಗಾಲದ ಡೈಆಕ್ಸೈಡ್. ಮಳೆನೀರು ಅದನ್ನು ಗಾಳಿಯಿಂದಲೂ ಮಣ್ಣಿನಿಂದಲೂ ಹಿಡಿದುಕೊಂಡು, ಕಲ್ಲನ್ನು ಕರಗಿಸಿ, ಬೈಕಾರ್ಬನೇಟ್ ಎಂಬ, ನೀರಿನಲ್ಲಿ ಕರಗಿರುವ ರೂಪದಲ್ಲಿ ಹೊತ್ತು ತರುತ್ತದೆ. ಅದರಲ್ಲಿ ಅಲ್ಪಸ್ವಲ್ಪ ನಮ್ಮ ಹಂಡೆಗೆ ಅಂಟುತ್ತದೆ. ಮಿಕ್ಕದ್ದು ಘಟಪ್ರಭೆಗೆ ಇಳಿದು, ಕೃಷ್ಣೆಯನ್ನು ಕೂಡಿಕೊಂಡು, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಸಮುದ್ರದಲ್ಲಿ ಕರಗಿರುವ ನಿರವಯವ ಇಂಗಾಲದ (ಅಂದರೆ ಜೀವಿಗಳ ಅವಶೇಷವಲ್ಲದ ಇಂಗಾಲದ) ಸುಮಾರು 90 ಪ್ರತಿಶತ ಇದೇ ಬೈಕಾರ್ಬನೇಟ್. ಅವ್ವ ತಿಕ್ಕುವ ಹಂಡೆಗೂ ಕೊಲ್ಲಿಗೂ ಲೆಕ್ಕದ ಪುಸ್ತಕ ಒಂದೇ.

ಇನ್ನೂ ಹತ್ತಿರ ಬನ್ನಿ. ನಮ್ಮ ಸುತ್ತಲಿನ ಗಣಿಗಳಲ್ಲಿ ಸಿಮೆಂಟಿಗಾಗಿ ಒಡೆಯುವ ಸುಣ್ಣಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಹುಟ್ಟಿದ್ದು. ಶುದ್ಧವಾದ 100 ಕಿಲೋ ಸುಣ್ಣಕಲ್ಲಿನಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಬಂದಿಯಾಗಿದೆ, ಭಟ್ಟಿಗೆ ಹಾಕಿದರೆ ಅದು ಮತ್ತೆ ಗಾಳಿಗೆ ಹೋಗುತ್ತದೆ. ಹಳೆಯ ಕಡಲು ಬಚ್ಚಿಟ್ಟದ್ದನ್ನು ನಾವು ಪ್ರತಿದಿನ ಬಿಚ್ಚಿ ಸುಡುತ್ತಿರುವಾಗ, ನಮಗೂ ಸಮುದ್ರಕ್ಕೂ ಸಂಬಂಧವಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಕಡಲ ದಂಡೆ ನಮ್ಮ ಬದುವಿನಿಂದಲೇ ಶುರುವಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

"ಗಾಳಿಯ ಇಂಗಾಲ ಇಳಿಸಲು ಗಿಡ ನೆಟ್ಟರೆ ಸಾಕಲ್ಲವೇ" ಎನ್ನುವವರಿದ್ದಾರೆ. ನೆಡಿರಿ, ಬೇಡವೆನ್ನುವವರು ಯಾರು? ಆದರೆ ಒಣಗಿ ಕೊಳೆತ ಅಥವಾ ಒಲೆಗೆ ಹೋದ ಮರದ ಇಂಗಾಲ ಗಾಳಿಗೇ ಮರಳುತ್ತದೆ. ಕೃಷ್ಣೆಯ ಮುಖಜಭೂಮಿಯಲ್ಲಿರುವಂಥ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಕೆಸರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅಲ್ಲಿ ಬಿದ್ದ ಎಲೆ, ಬೇರು ಬೇಗ ಕೊಳೆಯುವುದಿಲ್ಲ, ಶತಮಾನಗಳವರೆಗೆ ಹೂಳಿನಲ್ಲೇ ಉಳಿಯಬಲ್ಲವು. ದಂಡೆಗೆ ಹತ್ತಿರದ ಆಳವಿಲ್ಲದ ಕಡಲು ಇಡೀ ಸಾಗರದ ಹತ್ತನೆಯ ಒಂದು ಪಾಲೂ ಇಲ್ಲ. ಹಾಗಿದ್ದರೂ ಸಮುದ್ರದ ತಳದಲ್ಲಿ ಹೂತುಹೋಗುವ ಸಾವಯವ ಇಂಗಾಲದ ಬಹುಪಾಲು ಅಲ್ಲಿಯೇ ಹೂತುಹೋಗುತ್ತದೆ. ಆ ಕೆಸರಾಗಬೇಕಾದ ಹೂಳಿನಲ್ಲಿ ಬಹಳಷ್ಟನ್ನು ನಮ್ಮ ಆಲಮಟ್ಟಿಯಂಥ ಜಲಾಶಯಗಳು ಹಿಡಿದಿಟ್ಟುಕೊಳ್ಳುತ್ತವೆ. ಇತ್ತ ಕಬ್ಬಿಗೆ ಅಳತೆಯಿಲ್ಲದೆ ಸುರಿದ ಯೂರಿಯಾದ ಒಂದಷ್ಟು ಪಾಲು ಬಸಿದು ಹೊಳೆ ಸೇರುತ್ತದೆ. ಅಂಥ ನೀರು ಕಡಲಿಗೆ ಇಳಿದ ಕಡೆ ಪಾಚಿ ಹೆಚ್ಚುತ್ತದೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ, ಇಂಗಾಲ ಮತ್ತೆ ಹೊರಬೀಳುತ್ತದೆ.

ಕಡಲಿನ ಕ್ಷಾರಗುಣವನ್ನು ಹೆಚ್ಚಿಸಿ ಇನ್ನಷ್ಟು ಇಂಗಾಲವನ್ನು ಕರಗಿಸಿಡಲು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಹಾಗೆ ಬೈಕಾರ್ಬನೇಟ್ ಆದ ಇಂಗಾಲ ಹತ್ತಾರು ಸಾವಿರ ವರ್ಷ ಕಡಲಿನಲ್ಲೇ ಇರಬಲ್ಲದು. "ಸುಣ್ಣ ಸುರಿದರಾಯಿತು" ಎಂದು ಅದನ್ನು ಹಗುರಾಗಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸುಣ್ಣಕಲ್ಲನ್ನು ಸುಟ್ಟು ಸುಣ್ಣ ಮಾಡುವ ಭಟ್ಟಿಯ ಹೊಗೆಯನ್ನು ಹಿಡಿದಿಡದಿದ್ದರೆ ಲಾಭದ ದೊಡ್ಡ ಪಾಲು ಅಲ್ಲಿಯೇ ಹೋಗುತ್ತದೆ. ಸುಡಬೇಕಿಲ್ಲದ ದಾರಿಯೊಂದಿದೆ. ವಿಜಯಪುರದ ಎರಿ ಮಣ್ಣು ಯಾವ ಕಪ್ಪುಕಲ್ಲಿನಿಂದ ಆಯಿತೋ, ಅದೇ ಬಸಾಲ್ಟಿನ ಪುಡಿಯನ್ನು ಹೊಲಕ್ಕೆ ಚೆಲ್ಲಿದರೆ ಮಳೆ ಅದನ್ನು ಕರಗಿಸಿ ಬೈಕಾರ್ಬನೇಟನ್ನು ಹೊಳೆಗೆ ಒಯ್ಯುತ್ತದೆ. ಆ ಪುಡಿ ನಮ್ಮ ಖಡಿ ಮಷೀನುಗಳ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿರುತ್ತದೆ!

ಇಷ್ಟಾದ ಮೇಲೂ ಕಾರವಾರದವರು ನೋಡಿಕೊಳ್ಳಲಿ ಎನ್ನುತ್ತೀರಾ? ನಮ್ಮ ಹೊಳೆ ಕಾರವಾರದ ಕಡೆಗೆ ಹರಿಯುವುದೇ ಇಲ್ಲ. ನೀರು ನಮ್ಮದು, ಕಲ್ಲು ನಮ್ಮದು, ಯೂರಿಯಾ ನಮ್ಮದು. ಕಡಲ ದಂಡೆ ನಮ್ಮ ಬದುವಿನಿಂದಲೇ ಶುರುವಾಗುತ್ತದೆ, ನೂರು ಸಲ ಕೇಳಿದರೂ ನೂರು ಸಲ ಇದನ್ನೇ ಹೇಳುತ್ತೇನೆ. ಮುಂದಿನ ಸಂಚಿಕೆಯನ್ನು ಖಡಿ ಮಷೀನಿನ ಆ ಗುಡ್ಡೆಯ ಮುಂದೆಯೇ ನಿಂತು ಚಿತ್ರೀಕರಿಸುತ್ತೇನೆ, ಚಾನೆಲ್‌ಗೆ ಚಂದಾದಾರರಾಗಿರಿ. ಆ ಮಾತು ಬರೆದವರೇ, ನೀವೂ ಬನ್ನಿ.