ಎರಡು ಇಸವಿಗಳ ನಡುವೆ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಟೈಪಿಂಗ್, ಜೆರಾಕ್ಸ್, ಲಗ್ನಪತ್ರಿಕೆ, ಬಂದ ಕೆಲಸ ಮಾಡುತ್ತೇನೆ. ನವೆಂಬರ್ ಬಂತೆಂದರೆ ಶಾಲೆ ಮಕ್ಕಳು ಬರುತ್ತಾರೆ. ಕೈಯಲ್ಲಿ ಒಂದು ಹಾಳೆ. ನಾಡಿನ ಸಾಧಕರ ಪರಿಚಯ ಬರೆಯಬೇಕಂತೆ. ಹುಟ್ಟಿದ್ದು ಇಲ್ಲಿ, ಓದಿದ್ದು ಅಲ್ಲಿ, ಪ್ರಶಸ್ತಿ ಇಂಥದ್ದು, ತೀರಿಕೊಂಡಿದ್ದು ಇಂಥ ಇಸವಿ. ಹತ್ತು ಸಾಲು, ಮುಗೀತು.

ಹೋದ ವರ್ಷ ಒಬ್ಬ ಹುಡುಗಿ ಕೆ.ವಿ. ಸುಬ್ಬಣ್ಣನವರ ಹಾಳೆ ತಂದಿದ್ದಳು. 1932ರಲ್ಲಿ ಜನನ. 1949ರಲ್ಲಿ ನೀನಾಸಂ ನಾಟಕ ಸಂಸ್ಥೆ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. 2005ರಲ್ಲಿ ನಿಧನ. ಟೈಪ್ ಮಾಡುತ್ತಿದ್ದ ಕೈ ಹಾಗೇ ನಿಂತಿತು. 49ಕ್ಕೂ 91ಕ್ಕೂ ನಡುವೆ 42 ವರ್ಷ ಇದೆಯಲ್ಲ, ಅದೆಲ್ಲಿ ಹೋಯ್ತು? ಪ್ರಶಸ್ತಿ ಬಂದಿದ್ದೇ ಆ ವರ್ಷಗಳ ಕೆಲಸಕ್ಕೆ ಅಲ್ವಾ?

ಹೆಗ್ಗೋಡು ನಮ್ಮ ಸಾಗರದ ಪಕ್ಕದ ಹಳ್ಳಿ. ಅಡಿಕೆ ತೋಟ, ಗದ್ದೆ, ಅಲ್ಲೊಂದು ಇಲ್ಲೊಂದು ಮನೆ. ಸುಬ್ಬಣ್ಣ ಮೈಸೂರಿನಲ್ಲಿ ಓದಿದರು. ಅಲ್ಲಿ ಅವರಿಗೆ ಕುವೆಂಪು ಮೇಷ್ಟ್ರು. ಅಲ್ಲೇ ಎಲ್ಲಾದರೂ ನೌಕರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಊರಿಗೆ ಬಂದರು, ತೋಟ ನೋಡಿಕೊಂಡರು, ನಾಟಕ ಮಾಡಿಸಿದರು. ಅಕ್ಷರ ಪ್ರಕಾಶನ ಶುರು ಮಾಡಿ ಹಳ್ಳಿಯಿಂದಲೇ ಪುಸ್ತಕ ತಂದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಆಮೇಲೆ ಸಿನಿಮಾ. ಜಪಾನಿನದು, ಇಟಲಿಯದು, ಬಂಗಾಳದ್ದು, ಎಲ್ಲವನ್ನೂ ಹೆಗ್ಗೋಡಿಗೆ ತರಿಸಿದರು. ಹಗಲೆಲ್ಲ ತೋಟದಲ್ಲಿ ದುಡಿದವರು ಸಂಜೆ ಬಂದು ಕೂತು, ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡಿದರು. ಹಳ್ಳಿಯವರಿಗೆ ಇಷ್ಟು ಸಾಕು ಅನ್ನುವ ಮಾತು ಸುಬ್ಬಣ್ಣನವರ ಹತ್ತಿರ ನಡೆಯುತ್ತಿರಲಿಲ್ಲ. ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲಿ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1985ರಲ್ಲಿ ತಿರುಗಾಟ. ಸೆಟ್ಟು, ಲೈಟು, ವೇಷ ಎಲ್ಲ ಹೇರಿಕೊಂಡು ನಾಟಕವೇ ಊರೂರಿಗೆ ಹೊರಟಿತು.

ತೇಜಸ್ವಿಯವರ ಹಾಳೆಯೂ ಬರುತ್ತದೆ. ಮೊದಲ ಸಾಲು ಯಾವಾಗಲೂ ‘ಕುವೆಂಪು ಅವರ ಮಗ’. 1938ರಲ್ಲಿ ಕುಪ್ಪಳಿಯಲ್ಲಿ ಹುಟ್ಟಿದವರು, ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ಗಾಳ ಹಾಕಿ ಮೀನು ಹಿಡಿದರು, ಕ್ಯಾಮೆರಾ ಹಿಡಿದು ಹಕ್ಕಿಗೆ ಕಾದರು. ಇದೆಲ್ಲ ನಿಮಗೆ ಗೊತ್ತು. ಕಂಪ್ಯೂಟರಿನಲ್ಲಿ ಕನ್ನಡ ಹಿಂದೆ ಬೀಳಬಾರದು ಅಂತ ಅವರು ಹಟ ಹಿಡಿದಿದ್ದನ್ನು ಮಾತ್ರ ಮಕ್ಕಳು ಬರೆಯುವುದಿಲ್ಲ. ನನ್ನಂಥವನಿಗೆ ಅದರ ಬೆಲೆ ಗೊತ್ತು. ಆಗ ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಅಕ್ಷರವೇ ಅಲ್ಲದ ಏನೇನೋ ಕಾಣುತ್ತಿತ್ತು. ಒಂದು ಲಗ್ನಪತ್ರಿಕೆಯನ್ನು ಪ್ರೆಸ್ಸಿನಲ್ಲಿ ಕೂತು ಮೊದಲಿಂದ ಟೈಪ್ ಮಾಡಿದ್ದೇನೆ, ರಾತ್ರಿ ಹನ್ನೊಂದಕ್ಕೆ.

ಇನ್ನೊಬ್ಬರ ಹಾಳೆ ನನ್ನ ಅಂಗಡಿಗೆ ಇದುವರೆಗೂ ಬಂದಿಲ್ಲ. ಕೆ.ಪಿ. ರಾವ್. ಘಟ್ಟದ ಕೆಳಗಿನವರು, ಮಂಗಳೂರಿನ ಹತ್ತಿರದ ಕಿನ್ನಿಕಂಬಳ ಅವರ ಊರು. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡದ ಅಷ್ಟೂ ಅಕ್ಷರ ಕೂರುವ ದಾರಿ ತೋರಿಸಿದರು. ಕ ಅನ್ನಲು ಕೆ, ಪ ಅನ್ನಲು ಪಿ. ‘ಕುವೆಂಪು’ ಬೇಕಾದರೆ ಕೆ, ಯು, ವಿ, ಇ, ಶಿಫ್ಟ್ ಹಿಡಿದು ಎಂ, ಪಿ, ಯು. ಒತ್ತಕ್ಷರಕ್ಕೆ ನಡುವೆ ಒಂದು ಎಫ್. ಅಷ್ಟೇ. ನುಡಿ ತಂತ್ರಾಂಶದಲ್ಲಿ ಇರುವುದು ಇದೇ ವಿನ್ಯಾಸ. ಇಪ್ಪತ್ತು ವರ್ಷದಿಂದ ನನ್ನ ಮನೆಯ ಅನ್ನ ಆ ಕೀಲಿಗಳಿಂದ ಬಂದಿದೆ.

ಆ ಹುಡುಗಿಗೆ ಹೇಳಿದೆ, ‘42 ವರ್ಷದ ಜಾಗ ಖಾಲಿ ಬಿಡ್ತೀನಿ, ಮನೇಲಿ ಅಜ್ಜನ್ನ ಕೇಳ್ಕೊಂಡು ಬಾ.’ ಮರುದಿನ ಬಂದಳು. ‘ಅಣ್ಣಾ, ಹೆಗ್ಗೋಡಲ್ಲಿ ನಾಟಕ ಮುಗಿಸಿ ಅಜ್ಜ ಉರಿಯೋ ಸೂಡಿ ಹಿಡ್ಕೊಂಡು ಮನೆಗೆ ನಡ್ಕೊಂಡು ಬರ್ತಿದ್ರಂತೆ. ದಾರಿ ತುಂಬ ಅದೇ ನಾಟಕದ ಮಾತಂತೆ. ಇದನ್ನ ಬರೀಬಹುದಾ?’

ಬರಿ, ನೀನೇ ಟೈಪ್ ಮಾಡು ಅಂತ ಕುರ್ಚಿ ಬಿಟ್ಟುಕೊಟ್ಟೆ. ಒಂದೊಂದೇ ಬೆರಳಿಟ್ಟು ‘ಸೂ’ ತನಕ ಬಂದಳು. ಡ ಎಲ್ಲಿದೆ ಅಂತ ಹುಡುಕಿದಳು.

ಡಬ್ಲ್ಯೂ ಒತ್ತು ಅಂದೆ.

ನಮಸ್ಕಾರ.