ನಾಳೆ ಅಂಧೇರಿಯಲ್ಲಿ ಇಂಟರ್‌ವ್ಯೂ, ಇವತ್ತು ಅಮ್ಮನೇ ನನ್ನ ಕ್ಲೈಂಟ್

ಹಾಂ, ರೆಕಾರ್ಡ್ ಆಗ್ತಿದೆ. ಬೆಳಿಗ್ಗೆ ಆರು ಗಂಟೆ, ಮುಂಬೈ ಹತ್ರದ ಡೊಂಬಿವಲಿ, ನಮ್ಮನೆ ಹಾಲ್. ಪರ್ಸನಲ್ ಟ್ರೇನರ್ ಕೆಲಸಕ್ಕೆ ನಾಳೆ ಇಂಟರ್‌ವ್ಯೂ. ಫೈಲ್ ಜೋಡಿಸ್ತಿರೋದು ಕಾಣ್ತಿದೆಯಲ್ಲ, ಅದನ್ನೇನು ಹೇಳೋದು.

ಆದ್ರೆ ಈ ಕಾರ್ಡ್ ಬಗ್ಗೆ ಹೇಳಲೇಬೇಕು. ಸಿಪಿಆರ್ ಕಾರ್ಡ್. ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸೋದು ಕಲಿತಿದ್ದೀನಿ ಅನ್ನೋ ಸರ್ಟಿಫಿಕೇಟು. ಎರಡೇ ವರ್ಷ ನಡೆಯೋದು. ನನ್ನದು ಹೋದ ತಿಂಗಳೇ ಮುಗಿದುಹೋಗಿತ್ತು, ಕಣ್ಣಿಗೆ ಬಿದ್ದಿದ್ದು ಮೊನ್ನೆ ಸೋಮವಾರ! ಮತ್ತೆ ಕ್ಲಾಸು, ಮತ್ತೆ 2,500 ರೂಪಾಯಿ. ಕೆಲಸ ಇಲ್ಲದ ತಿಂಗಳಲ್ಲಿ ಅಷ್ಟು ದುಡ್ಡಲ್ಲಿ ಲೋಕಲ್ ಪಾಸು, ಮೊಟ್ಟೆ, ರೀಚಾರ್ಜು ಎಲ್ಲಾ ಆಗ್ತಿತ್ತು. ಹೊಟ್ಟೆ ಉರೀತು. ಶುದ್ಧ ಸುಲಿಗೆ ಅಂತ ಬೈಕೊಂಡೇ ಹೋದೆ. ಕ್ಲಾಸಲ್ಲಿ ಗೊಂಬೆಯ ಎದೆ ಮೇಲೆ ಕೈಯಿಟ್ಟಾಗ ಗೊತ್ತಾಯ್ತು, ಕೈ ಎಲ್ಲಾ ಮರೆತುಬಿಟ್ಟಿದೆ. ನಿಮಿಷಕ್ಕೆ 100ರಿಂದ 120 ಸಲ, ಕಡಿಮೆ ಅಂದ್ರೂ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ನನ್ನ ಮೊಣಕೈ ಎರಡನೇ ನಿಮಿಷಕ್ಕೇ ಮಡಚ್ತಿತ್ತು. ಜಿಮ್‌ನಲ್ಲಿ ಯಾರಾದ್ರೂ ಕುಸಿದುಬಿದ್ದಿದ್ರೆ? ಇಲ್ಲ, ಸುಲಿಗೆ ಅನ್ನೋ ಮಾತು ವಾಪಸ್ ತಗೋತೀನಿ.

ಅಂಧೇರಿಗೆ ದಾದರ್ ಮೇಲೆ ಹೋಗಲ್ಲ. ಅಲ್ಲಿ ರೈಲು ಬದಲಿಸೋ ಸೇತುವೆಯ ನೂಕುನುಗ್ಗಲಲ್ಲಿ ಇಸ್ತ್ರಿ ಉಳಿಯಲ್ಲ. ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹಿಡೀತೀನಿ. ಅದಿರ್ಲಿ, ಅಮ್ಮ ಬಂದ್ಲು. ಪ್ರಾಕ್ಟೀಸ್‌ಗೆ ಇವತ್ತು ಅವಳೇ ಹೊಸ ಕ್ಲೈಂಟ್.

ಹೋದ ಇಂಟರ್‌ವ್ಯೂನಲ್ಲಿ ಹೊಸ ಕ್ಲೈಂಟ್ ಅಂತ ಒಬ್ಬರನ್ನ ಎದುರು ನಿಲ್ಲಿಸಿದ್ರು. ನಾನು ಏನೂ ಕೇಳದೆ ಸೀದಾ ಸ್ಕ್ವಾಟ್ ಹೇಳ್ಕೊಡೋಕೆ ಶುರು ಮಾಡಿದೆ. ಕೆಲಸ ಕೈತಪ್ಪಿದ್ದು ಅಲ್ಲೇ. ಮೊದಲು ಪಾರ್-ಕ್ಯೂ, ಅಂದ್ರೆ ವ್ಯಾಯಾಮಕ್ಕೆ ಮುಂಚೆ ಆರೋಗ್ಯದ ಬಗ್ಗೆ ಕೇಳೋ ಏಳು ಪ್ರಶ್ನೆ. ಎದೆನೋವು, ತಲೆಸುತ್ತು, ಕೀಲುನೋವು, ಬಿಪಿ ಮಾತ್ರೆ, ಎಲ್ಲಾ ಕೇಳ್ಬೇಕು.

"ಬಿಪಿ ಮಾತ್ರೆ ನೀನೇ ತಂದುಕೊಡ್ತೀಯಲ್ಲೋ, ಅದನ್ನೇನು ಕೇಳೋದು?"

ಗೊತ್ತಮ್ಮ, ಆದ್ರೂ ಕೇಳ್ಬೇಕು. ಕೆಲವು ಬಿಪಿ ಮಾತ್ರೆ ಎದೆಬಡಿತ ಏರೋಕೇ ಬಿಡಲ್ಲ. ಆಗ 220ರಲ್ಲಿ ವಯಸ್ಸು ಕಳೆದ್ರೆ ಎದೆಬಡಿತದ ಗರಿಷ್ಠ ಮಿತಿ ಸಿಗುತ್ತೆ ಅನ್ನೋ ಲೆಕ್ಕ ನಂಬಿ ಓಡಿಸಿದ್ರೆ ಜೀವಕ್ಕೆ ಕುತ್ತು. ಸರಿ, ತಲೆ ಸುತ್ತುತ್ತಾ?

ಇಲ್ಲಿ ನೋಡಿ ಅಮ್ಮನ ಕೈ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತಿದಾಳೆ.

"ಬಗ್ಗಿ ಎದ್ದಾಗ ಒಂಚೂರು ಗಿರ್ ಅನ್ನುತ್ತೆ. ದೀಪಾವಳಿಯಿಂದ."

ದೀಪಾವಳಿಯಿಂದ! ಒಂದೇ ಮನೇಲಿದ್ದು ನಾನು ಕೇಳೇ ಇಲ್ಲ, ಅವಳು ಹೇಳೇ ಇಲ್ಲ.

ಸ್ಕ್ವಾಟ್ ಇವತ್ತು ಬೇಡ. ಸಂಜೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ, ಉಳಿದ ಪ್ರಾಕ್ಟೀಸ್ ರಾತ್ರಿ. ಅಮ್ಮಾ, ನಿಧಾನಕ್ಕೆ ಏಳು, ನನ್ನ ಕೈ ಹಿಡ್ಕೋ. ಕ್ಯಾಮೆರಾ ಆಫ್ ಮಾಡ್ತಿದೀನಿ.