ಮ್ಯಾಮತ್ ಆದ ತ್ಸಾರ್, ಮತ್ತೆ ಒಂದು ನಿಜವಾದ ಆನೆ

ಎಲ್ರಿಗೂ ನಮಸ್ಕಾರ. ಇವತ್ತು ರಷ್ಯಾದ ಒಬ್ಬ ದೊರೆ ಬಗ್ಗೆ ಮಾತಾಡ್ಬೇಕು, ಆದ್ರೆ ಶುರು ಮಾಡೋದು ಮೊಬೈಲ್ ಗೇಮಿಂದ, ರೇಡಿಯೋ ಆಫ್ ಮಾಡ್ಬೇಡಿ ಆಯ್ತಾ.

ಫೇಟ್ ಗ್ರ್ಯಾಂಡ್ ಆರ್ಡರ್ ಅಂತ ಜಪಾನಿನೋರು 2015ರಲ್ಲಿ ಬಿಟ್ಟ ಗೇಮು. ಗೇಮ್ ಅನ್ನೋದು ಹೆಸರಿಗಷ್ಟೇ, ಆಡೋದಕ್ಕಿಂತ ಓದೋದೇ ಜಾಸ್ತಿ ಅದ್ರಲ್ಲಿ. ಇತಿಹಾಸದೋರು ಪುರಾಣದೋರು ಎಲ್ಲಾ ಎದ್ದು ಬರ್ತಾರೆ, ನಮ್ಮ ಕರ್ಣ ಅರ್ಜುನರೂ ಇದಾರೆ, ಅಲ್ಲೂ ಜಗಳ ಬಿಟ್ಟಿಲ್ಲ. 2018ರಲ್ಲಿ ಅದಕ್ಕೆ ರಷ್ಯಾದ ಮೇಲೆ ಒಂದು ಅಧ್ಯಾಯ ಸೇರಿಸಿದ್ರು. ಆ ಲೋಕದಲ್ಲಿ 1570ನೇ ಇಸವಿಲಿ ಉಲ್ಕೆ ಬಿದ್ದು ಇಡೀ ನೆಲ ಹೆಪ್ಪುಗಟ್ಟಿ ಹೋಗಿದೆ, ಮೈನಸ್ ನೂರು ಡಿಗ್ರಿ ಚಳಿ, ಬರೀ ಮನುಷ್ಯನಾಗಿ ಬದುಕೋಕಾಗಲ್ಲ ಅಂತ ಜನ ಮೃಗಗಳ ಜೊತೆ ಬೆರೆತು ಮೈತುಂಬ ತುಪ್ಪಳದ ಯಾಗಾ ಅನ್ನೋ ಜಾತಿ ಆಗಿದಾರೆ. ದೊರೆ ನಾಲ್ಕನೇ ಇವಾನ್ ಏನಾಗಿದಾನೆ ಗೊತ್ತಾ? ಮ್ಯಾಮತ್, ಅಂದ್ರೆ ಹಿಮಯುಗದ ತುಪ್ಪಳದ ಆನೆ, ಆ ಥರದ ಮೃಗದ ಜೊತೆ ಬೆರೆತು ಗುಡ್ಡದಷ್ಟು ಬೆಳೆದು, ನಾನೂರೈವತ್ತು ವರ್ಷ ಆದ್ರೂ ಸಾಯದೆ ನಿದ್ದೆ ಮಾಡ್ತಿದಾನೆ.

ರಾತ್ರಿ ಫ್ಯಾನ್ ಕೆಳಗೆ ಕೂತು ಫೋನ್ ಕೈಯಲ್ಲಿ ಕಾವೇರ್ತಿರೋವಾಗ ಈ ಹಿಮದ ಕತೆ ಓದೋದು ಒಂದು ಮಜಾನೇ. ಆದ್ರೆ ನನ್ನ ತಲೇಲಿ ಕೂತಿದ್ದು ಆ ಇಸವಿ. 1570 ಅನ್ನೋದು ಸುಮ್ನೆ ಹಾಕಿದ ನಂಬರ್ ಅಲ್ಲ ಅನ್ಸುತ್ತೆ ನಂಗೆ.

ನಿಜವಾದ ಇವಾನ್ ಹುಟ್ಟಿದ್ದು 1530ರಲ್ಲಿ, 1547ರಲ್ಲಿ ತ್ಸಾರ್, ಅಂದ್ರೆ ಚಕ್ರವರ್ತಿ, ಅಂತ ಪಟ್ಟ ಕಟ್ಟಿಸ್ಕೊಂಡ, 1552ರಲ್ಲಿ ಕಜಾನ್ ಅನ್ನೋ ತಾತಾರರ ರಾಜ್ಯ ಗೆದ್ದ, ಆ ಗೆಲುವಿಗೇ ಮಾಸ್ಕೋದಲ್ಲಿ ಬಣ್ಣಬಣ್ಣದ ಗುಮ್ಮಟದ ಸೇಂಟ್ ಬಾಸಿಲ್ ಚರ್ಚ್ ಎದ್ದಿದ್ದು. ಅವನಿಗೆ ಗ್ರೋಜ್ನಿ ಅಂತ ಹೆಸರು, ಇಂಗ್ಲಿಷ್‌ನೋರು ಟೆರಿಬಲ್ ಅಂದ್ರು, ನನ್ನ ಕೇಳಿದ್ರೆ ನಮ್ಮ ಉಗ್ರನರಸಿಂಹ ಅಂತೀವಲ್ಲ, ಆ ಉಗ್ರ ಅನ್ನೋದೇ ಸರಿಯಾಗಿ ಕೂರುತ್ತೆ, ಭಯಾನೂ ಇದೆ ಭಕ್ತೀನೂ ಇದೆ. ಮೊದಲ ಹೆಂಡತಿ ಅನಸ್ತಾಸಿಯಾ 1560ರಲ್ಲಿ ತೀರ್ಕೊಂಡ್ಳು, ವಿಷ ಹಾಕಿದ್ರು ಅಂತ ಇವನಿಗೆ ಅನುಮಾನ. ಗೇಮಲ್ಲೂ ಅನಸ್ತಾಸಿಯಾ ಇದಾಳೆ, ಆದ್ರೆ ಅವ್ಳು ಬೇರೆ, 1918ರಲ್ಲಿ ಮನೆಯೋರ ಜೊತೆಗೇ ಗುಂಡಿಗೆ ಬಲಿಯಾದ ಕೊನೇ ತ್ಸಾರನ ಮಗಳು. ತಮಾಷೆ ಅಂದ್ರೆ ಆ ಕೊನೇ ತ್ಸಾರನ ರೊಮಾನೊವ್ ವಂಶ ಮುಂದೆ ಗದ್ದುಗೆ ಏರಿದ್ದೇ ಆ ಮೊದಲ ಅನಸ್ತಾಸಿಯಾಳ ತವರಿನ ನಂಟಿಂದ.

1564ರ ಡಿಸೆಂಬರಲ್ಲಿ ಇವಾನ್ ಖಜಾನೆ ಕಟ್ಕೊಂಡು ಮಾಸ್ಕೋ ಬಿಟ್ಟು ಹೊರಟೇಬಿಟ್ಟ. ಜನ ಹೋಗಿ ಕಾಲಿಗೆ ಬಿದ್ರು, ವಾಪಸ್ ಬರ್ತೀನಿ ಆದ್ರೆ ನಂಗೆ ಬೇಕಾದೋರನ್ನ ಬೇಕಾದಂಗೆ ಶಿಕ್ಷಿಸ್ತೀನಿ ಅಂದ. ರಾಜ್ಯದಲ್ಲಿ ಒಂದು ಪಾಲು ತನಗೇ ಅಂತ ಬೇರೆ ಮಾಡಿ, ಒಪ್ರಿಚ್ನಿಕಿ ಅನ್ನೋ ಕರಿ ಬಟ್ಟೆ ಪಡೆ ಕಟ್ಟಿದ, ಕುದುರೆ ಕತ್ತಲ್ಲಿ ನಾಯಿ ತಲೆ ನೇತಾಕ್ಕೊಂಡು ಪೊರಕೆ ಸಿಗಿಸ್ಕೊಂಡು ಓಡಾಡೋರು, ದ್ರೋಹಿಗಳನ್ನ ಕಚ್ಚಿ ಗುಡಿಸಿ ಹಾಕ್ತೀವಿ ಅಂತ ಅರ್ಥ. ಈ ಪಡೆ ಜೊತೆ 1570ರ ಜನವರಿಲಿ ಅವನು ನೋವ್ಗೊರೊದ್ ಊರಿಗೆ ನುಗ್ಗಿದ. ಸುಮಾರು ಐದಾರು ವಾರ. ವೋಲ್ಖೊವ್ ನದಿಗೆ ಜನರನ್ನ ತಳ್ಳಿದ್ರು, ಮೇಲೆ ತೇಲಿದೋರನ್ನ ದೋಣಿಲಿ ಕೂತು ಭರ್ಜಿಲಿ ಕೊಕ್ಕೆಲಿ ಒಳಗೆ ಅದುಮಿದ್ರು ಅಂತ ಆ ಕಾಲದ ಬರಹ ಹೇಳುತ್ತೆ.

ಗೇಮಲ್ಲೂ ಒಪ್ರಿಚ್ನಿಕಿ ಇದಾರೆ, ಆದ್ರೆ ಮಲಗಿರೋ ದೊರೆಯ ಕನಸಿಂದ ಹುಟ್ಟಿದ ನೆರಳುಗಳು. ನನ್ನ ತಕರಾರು ಇಲ್ಲೇ. ಕಥೆಗಾರರ ಕಲ್ಪನೆ ಚೆನ್ನಾಗಿದೆ, ಒಪ್ತೀನಿ, ಆದ್ರೆ ನಿದ್ದೆಗಣ್ಣಲ್ಲಿ ಆಗಿದ್ದು ಅಂದ್ಮೇಲೆ ಪಾಪ ಅನ್ಸಿಬಿಡುತ್ತಲ್ಲ, ಆ ದೊಡ್ಡ ದೇಹ ಒಂಟಿಯಾಗಿ ಮಲಗಿರೋದು ನೋಡಿ ನಂಗೂ ಅನ್ಸ್ತು, ಸುಳ್ಳು ಯಾಕೆ ಹೇಳ್ಲಿ. ನಿಜದಲ್ಲಿ ಯಾರೂ ಮಲಗಿರ್ಲಿಲ್ಲ ಕಣ್ರೀ. ಒಪ್ರಿಚ್ನಿಕಿಗೆ ಕೆಲಸಕ್ಕೆ ಪ್ರತಿಯಾಗಿ ಜಮೀನು ಸಿಗ್ತಿತ್ತು, ಕೆಲಸಕ್ಕೆ ಲೆಕ್ಕಾನೂ ಕೊಡ್ತಿದ್ರು. ಕೊನೆಗಾಲದಲ್ಲಿ ಇವಾನ್ ತಾನು ಕೊಲ್ಲಿಸಿದೋರ ಆತ್ಮಕ್ಕೆ ಪ್ರಾರ್ಥನೆ ಮಾಡ್ಸೋಕೆ ಮಠಗಳಿಗೆ ಪಟ್ಟಿ ಕಳಿಸ್ದ, ಅದ್ರಲ್ಲಿ ಮಾಲ್ಯೂತ ಸ್ಕುರಾತೊವ್ ಅನ್ನೋ ಅವನ ಬಲಗೈ ಬಂಟನ ನೋವ್ಗೊರೊದ್ ವರದಿ ಇದೆ, 1490 ಜನಾನ ಕತ್ತಿಲಿ, 15 ಜನಾನ ಬಂದೂಕಲ್ಲಿ ಮುಗಿಸಿದ್ದು. ಆ 15ನ್ನ ಬೇರೆ ಎಣಿಸಿ ಇಟ್ಟಿದಾನೆ ನೋಡಿ, ಗುಮಾಸ್ತನ ಥರ. ಹೆಸರು ಗೊತ್ತಿಲ್ಲದ ಕಡೆ, ಇವ್ರ ಹೆಸರು ನಿನಗೇ ಗೊತ್ತು ದೇವರೇ ಅಂತ ಬರೆದು ಮುಂದೆ ಹೋಗಿದಾರೆ.

ಇನ್ನು ಮ್ಯಾಮತ್ ವಿಷ್ಯ. ಇವಾನನ ಮಾಸ್ಕೋದಲ್ಲಿ ನಿಜವಾದ ಆನೆ ಇತ್ತು. ಪರ್ಷಿಯಾದಿಂದ ಬಂದ ಉಡುಗೊರೆ, ಜೊತೆಗೆ ಒಬ್ಬ ಅರಬ್ ಮಾವುತ. ಈ ಕತೆ ಬರೆದಿಟ್ಟೋನು ಹೈನ್ರಿಶ್ ಫಾನ್ ಸ್ಟಾಡೆನ್, ಜರ್ಮನಿಯೋನು, ಅವನೂ ಒಪ್ರಿಚ್ನಿಕಿಲಿದ್ದೋನೇ. ಆಗ ಊರಲ್ಲಿ ಪ್ಲೇಗ್, ಜನ ಏನಂದ್ರು, ಈ ಆನೆಯಿಂದಾನೇ ಬಂತು ಅಂದ್ರು. ಆನೇನೂ ಮಾವುತನ್ನೂ ಗೊರೊದೆತ್ಸ್ ಅನ್ನೋ ಊರಿಗೆ ಗಡಿಪಾರು ಮಾಡಿದ್ರು. ಅಲ್ಲಿ ಮಾವುತ ಸತ್ತ, ಆನೆ ಇದ್ದ ಕೊಟ್ಟಿಗೆ ಹತ್ರಾನೇ ಅವನ್ನ ಹೂತ್ರು. ಅಷ್ಟೊತ್ತಿಗೆ ಆನೇನ ಕೊಂದುಬಿಡಿ ಅಂತ ಮಾಸ್ಕೋದಿಂದ ಒಬ್ಬ ಸರದಾರ ಬಂದ. ಆನೆ ಮರದ ಬೇಲಿ ಮುರ್ಕೊಂಡು ಆಚೆ ಬಂತು, ಓಡಿಹೋಗ್ಲಿಲ್ಲ, ಹೋಗಿ ಮಾವುತನ ಗುಣಿ ಮೇಲೆ ಮಲಗ್ತು. ಅಲ್ಲೇ ಕೊಂದ್ರು ಅದನ್ನ. ಆಮೇಲೆ ದಂತ ಕಿತ್ಕೊಂಡು ಮಾಸ್ಕೋಗೆ ತಗೊಂಡೋದ್ರು, ಸತ್ತಿದೆ ಅನ್ನೋದಕ್ಕೆ ದೊರೆಗೆ ಸಾಕ್ಷಿ ತೋರಿಸ್ಬೇಕಿತ್ತಲ್ಲ.